ಹದಿನೈದರಿಂದ ಇಪ್ಪತ್ತಕ್ಕೆ ಹೊರಟ ಪುಟ್ಟಿಗೆ

ಸರ್ಜಾಪುರ

ಪುಟ್ಟಿ,

ಮೊನ್ನೆ ಭಾನುವಾರ ಲ್ಯಾಪ್‌ಟಾಪ್ ಹಿಡಿದು ಜಗಲಿ ಮೇಲೆ ಕೂತವಳು ಊಟಕ್ಕೂ ಏಳಲಿಲ್ಲ. ವೆಬ್ ಪುಟ ಕಟ್ಟುವ ಆಂಗ್ಯುಲರ್ ಚೌಕಟ್ಟಿನ 15ನೇ ಆವೃತ್ತಿಯಲ್ಲಿರುವ ಪ್ರಾಜೆಕ್ಟನ್ನು 20ಕ್ಕೆ ಏರಿಸುವ ಕೆಲಸ ನಿನ್ನ ಪಾಲಿಗೆ ಬಂದಿದೆ. "ಮಾವ, ಕಲಿತಿದ್ದೆಲ್ಲ ಹಳೇದಾಗೋಯ್ತು, ಮತ್ತೆ ಒಂದನೇ ಕ್ಲಾಸಿಂದ ಶುರು" ಅಂದೆ. ಅಕ್ಕ ಆಗಲೇ ಗಾಬರಿಯಾಗಿದ್ದಳು, ಅದಕ್ಕೇ ನಾನು ಹೆಚ್ಚು ಮಾತು ಬೆಳೆಸಲಿಲ್ಲ. ದೊಮ್ಮಸಂದ್ರದಿಂದ ದೊಡ್ಡಕನ್ನೆಲ್ಲಿವರೆಗಿನ ಪಿ.ಜಿ.ಗಳಲ್ಲಿ ಇದೇ ಚಿಂತೆ ಹೊತ್ತು ಮಲಗುವ ಹುಡುಗ ಹುಡುಗಿಯರು ಎಷ್ಟೋ ಜನ ಇದ್ದಾರೆ. ಅವರ ಕಣ್ಣಿಗೂ ಬೀಳಲಿ ಅಂತ ನಿನಗೆ ಹೇಳಬೇಕಾದ್ದನ್ನು ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪು ಹೇಳುತ್ತೇನೆ. 2014ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಒಂದು ಸಮ್ಮೇಳನದಲ್ಲಿ ಆಂಗ್ಯುಲರ್ 2 ಹೇಗಿರುತ್ತದೆ ಅಂತ ಗೂಗಲ್‌ನವರು ತೋರಿಸಿದರು. ಮೊದಲ ಆವೃತ್ತಿಯಾದ ಆಂಗ್ಯುಲರ್‌ಜೆಎಸ್‌ನಲ್ಲಿದ್ದ ಕಂಟ್ರೋಲರ್ ಇರುವುದಿಲ್ಲ, ಸ್ಕೋಪ್ ಇರುವುದಿಲ್ಲ. ನಾನು ಆಂಗ್ಯುಲರ್‌ಜೆಎಸ್ ಕಲಿತು ಅದರಲ್ಲೇ ಅನ್ನ ತಿನ್ನುತ್ತಿದ್ದವನು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಪರೀಕ್ಷೆಗೆ ಕೂರುವ ಹುಡುಗನ ಹಾಗೆ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಎಡಕ್ಕೆ ಹಳೆಯದು, ಬಲಕ್ಕೆ ಹೊಸದು ಅಂತ ಬರೆದುಕೊಂಡು ಬಾಯಿಪಾಠ ಮಾಡಿದೆ. ಆಫೀಸಿನಲ್ಲಿ, ಆಂಗ್ಯುಲರ್ 2ರ ಅಂತಿಮ ಆವೃತ್ತಿ ಬರುವ ಮೊದಲೇ ನಾವು ಅದರಲ್ಲಿ ಕೆಲಸ ಹಿಡಿದೆವು. 2016ರ ಆಗಸ್ಟಿನಲ್ಲಿ ಆರ್‌ಸಿ 5 ಅನ್ನುವ ಪೂರ್ವ ಆವೃತ್ತಿ ಬಂತು, ಅದರ ಜೊತೆ ಎನ್‌ಜಿ ಮಾಡ್ಯೂಲ್ ಅನ್ನುವ ಹೊಸ ವ್ಯವಸ್ಥೆ ಬಂತು. ನನ್ನ ಬಲಗಡೆಯ ಪಟ್ಟಿಯ ಅರ್ಧ ಅಲ್ಲಿಗೇ ಸತ್ತುಹೋಯಿತು. ಗ್ರಾಹಕರಿಗೆ ಮೂರು ತಿಂಗಳು ಅಂತ ಮಾತು ಕೊಟ್ಟಿದ್ದ ಕೆಲಸ ಮುಗಿಯಲು ವರ್ಷ ದಾಟಿತು.

ಮುಂದೇನಾಯಿತು ಗೊತ್ತಲ್ಲ? ಬೆವರು ಹರಿಸಿ ಕಲಿತ ಆ ಎನ್‌ಜಿ ಮಾಡ್ಯೂಲ್ 2022ರ ಹೊತ್ತಿಗೆ ಇಲ್ಲದಿದ್ದರೂ ನಡೆಯುತ್ತದೆ ಅನ್ನುವಂತಾಯಿತು. 2024ರ ನವೆಂಬರಿನಲ್ಲಿ ಬಂದ 19ನೇ ಆವೃತ್ತಿಯಲ್ಲಿ ಕಂಪೋನೆಂಟ್ ತಾನೇ ಸ್ವತಂತ್ರವಾಗಿ ನಿಲ್ಲುವುದೇ ರೂಢಿಯಾಯಿತು. ಬಾಯಿಪಾಠ ಮಾಡಿದವರಿಗೆ ಎರಡು ಸಲ ನಷ್ಟ. ಆದರೆ ಒಂದು ಕ್ಲಾಸು ತನಗೆ ಬೇಕಾದ್ದನ್ನು ತಾನೇ ಹುಟ್ಟಿಸಿಕೊಳ್ಳದೆ ಹೊರಗಿನಿಂದ ಕೇಳಿ ಪಡೆಯಬೇಕು ಅನ್ನುವ ವಿಚಾರ ಇದೆಯಲ್ಲ, ಡಿಪೆಂಡೆನ್ಸಿ ಇಂಜೆಕ್ಷನ್, ಅದು 2012ರ ಮೊದಲ ಆವೃತ್ತಿಯಲ್ಲೂ ಇತ್ತು, ನಿನ್ನ 20ರಲ್ಲೂ ಇದೆ. ಅದನ್ನು ಯಾಕೆ ಹಾಗೆ ಮಾಡಿದ್ದಾರೆ ಅಂತ ತಿಳಿದುಕೊಂಡಿದ್ದೆ, ಅದಕ್ಕೇ ಅದೊಂದು ನನ್ನ ಕೈಬಿಡಲಿಲ್ಲ.

ಅದಕ್ಕೇ ಹೇಳುತ್ತೇನೆ, ಹೊಸ ಆವೃತ್ತಿ ಬಂದಾಗ ಏನೇನು ಸೇರಿಸಿದ್ದಾರೆ ಅಂತ ಪಟ್ಟಿ ಮಾಡಬೇಡ. ಹಳೆಯದು ಎಲ್ಲಿ ನೋಯಿಸುತ್ತಿತ್ತು ಅಂತ ಹುಡುಕು. ಆ ನೋವನ್ನು ಒಂದು ಸಲವಾದರೂ ನಿನ್ನ ಕೈಯಾರೆ ಅನುಭವಿಸು.

ಸಿಗ್ನಲ್ ಯಾಕೆ ಬಂತು ಅಂತ ಕೇಳಿದ್ದೆಯಲ್ಲ. ನಿನ್ನ ಫ್ರೆಂಡ್ ಇರುವ ಅಪಾರ್ಟ್‌ಮೆಂಟಿಗೆ ಟ್ಯಾಂಕರ್ ನೀರು ಬರುತ್ತದೆ ಅಂದಿದ್ದೆ. ಅಲ್ಲಿನ ವಾಚ್‌ಮನ್‌ನನ್ನು ನೆನೆಸಿಕೋ. ಆಂಗ್ಯುಲರ್‌ಜೆಎಸ್ ಕಾಲದ ವಾಚ್‌ಮನ್ ಏನೇ ಸದ್ದಾಗಲಿ ಒಂದೊಂದೇ ಮನೆ ಬಾಗಿಲು ತಟ್ಟಿ "ನಿಮ್ಮಲ್ಲಿ ಏನಾದರೂ ಬದಲಾಯಿತಾ?" ಅಂತ ಕೇಳುತ್ತಿದ್ದ. ಒಂದೇ ಒಂದು ಮನೆಯಲ್ಲಿ ಹೌದು ಅಂದರೂ ಇನ್ನೊಂದು ಸುತ್ತು. ಹತ್ತು ಸುತ್ತಾದರೂ ಬದಲಾವಣೆ ನಿಲ್ಲದಿದ್ದರೆ ಕೈಚೆಲ್ಲಿ ಎರರ್ ಕೊಡುತ್ತಿದ್ದ. 300 ಸಾಲು, ಸಾಲಿಗೆ 8 ಅಂಕಣ ಇರುವ ಒಂದು ಪಟ್ಟಿ ಇಟ್ಟೆ ಅನ್ನು, 2400 ಬಾಗಿಲು. ಹುಡುಕುವ ಡಬ್ಬಿಯಲ್ಲಿ ಒಂದು ಅಕ್ಷರ ಒತ್ತಿದರೆ ಅಷ್ಟನ್ನೂ ತಟ್ಟಬೇಕು. ಕೀಲಿ ಒತ್ತಿ ಅಕ್ಷರ ಮೂಡುವುದನ್ನು ಕಾಯುತ್ತಾ ಕೂತದ್ದು ನನಗೆ ಇವತ್ತಿಗೂ ನೆನಪಿದೆ. ಆಂಗ್ಯುಲರ್ 2ರಲ್ಲಿ ಜೋನ್ ಬಂತು. ಗೇಟಿನಲ್ಲಿ ಏನಾದರೂ ನಡೆದರೆ ಅದು ಸುದ್ದಿ ಮುಟ್ಟಿಸುತ್ತಿತ್ತು, ವಾಚ್‌ಮನ್ ಮೇಲಿನ ಮಹಡಿಯಿಂದ ಕೆಳಗಿನವರೆಗೆ ಒಂದೇ ಸಲ ಇಳಿದು ಬರುತ್ತಿದ್ದ. ಎಷ್ಟೋ ವಾಸಿ. ಆದರೂ ಸಂಬಂಧವಿಲ್ಲದ ಬಾಗಿಲುಗಳನ್ನೂ ತಟ್ಟುತ್ತಿದ್ದ. 2023ರಲ್ಲಿ 16ನೇ ಆವೃತ್ತಿಯ ಜೊತೆ ಬಂದ ಸಿಗ್ನಲ್‌ಗೆ ತನ್ನ ಬೆಲೆಯನ್ನು ಯಾರ್ಯಾರು ಓದುತ್ತಿದ್ದಾರೆ ಅನ್ನುವುದು ಗೊತ್ತಿರುತ್ತದೆ. ನೀರು ಬೇಕು ಅಂತ ಹೆಸರು ಬರೆಸಿದ ಮನೆಗೆ ಮಾತ್ರ ಗಂಟೆ ಹೊಡೆಯುತ್ತದೆ. ಇಷ್ಟು ಮನಸ್ಸಿಗೆ ಬಂದರೆ, ಕಂಪ್ಯೂಟೆಡ್ ಅಂದರೇನು, ಎಫೆಕ್ಟನ್ನು ಕಂಡಕಂಡಲ್ಲಿ ಯಾಕೆ ಬಳಸಬಾರದು ಅನ್ನುವುದೆಲ್ಲ ಓದುವಾಗ ತಂತಾನೇ ತಿಳಿಯುತ್ತದೆ.

ಇನ್ನೊಂದು, 17ರಿಂದ ಬಂದ ಹೊಸ ಫಾರ್ ಬರೆಯುವಾಗ ಟ್ರ್ಯಾಕ್ ಕಡ್ಡಾಯ ಅಂತ ಸಿಡುಕಿದೆ. ಹಳೆಯ ಎನ್‌ಜಿ ಫಾರ್‌ನಲ್ಲಿ ಅದು ಬೇಕಾದರೆ ಹಾಕು, ಬೇಡದಿದ್ದರೆ ಬಿಡು ಅನ್ನುವಂತಿತ್ತು. ನಾವೆಲ್ಲ ಬಿಟ್ಟೆವು. ನಮ್ಮ ಒಂದು ಪುಟದಲ್ಲಿ ಮೂವತ್ತು ಸೆಕೆಂಡಿಗೊಮ್ಮೆ ಸರ್ವರ್‌ನಿಂದ ಹೊಸ ಪಟ್ಟಿ ಬರುತ್ತಿತ್ತು. ಒಳಗಿನ ಮಾಹಿತಿ ಅದೇ, ಆದರೆ ಆಬ್ಜೆಕ್ಟುಗಳು ಹೊಸವು. ಯಾವ ಸಾಲು ಯಾರದ್ದು ಅಂತ ಗುರುತು ಸಿಗದೆ ಆಂಗ್ಯುಲರ್ ಅಷ್ಟೂ ಸಾಲು ಕಿತ್ತು ಮತ್ತೆ ಕಟ್ಟುತ್ತಿತ್ತು. ಗೋದಾಮಿನಲ್ಲಿ ಸಂಖ್ಯೆ ತುಂಬುತ್ತಿದ್ದ ಹೆಣ್ಣುಮಗಳೊಬ್ಬಳು ಫೋನ್ ಮಾಡಿ, "ಸಾರ್, ಟೈಪ್ ಮಾಡ್ತಾ ಮಾಡ್ತಾ ಕರ್ಸರ್ ಹೊರಟೋಗುತ್ತೆ" ಅಂದಳು. ಅವಳ ದೂರಿನ ಬುಡ ಹಿಡಿಯಲು ನನಗೆ ಎರಡು ದಿನ ಬೇಕಾಯಿತು. ಟ್ರ್ಯಾಕ್‌ಗೆ ಐಡಿ ಕೊಟ್ಟರೆ ಈ ಕಾಟ ಇಲ್ಲ. ನಿನ್ನ ಹಳೆಯ ಪುಟದಲ್ಲಿ ಬೇಕೆಂದೇ ಹೀಗೆ ಕೆಡಿಸಿ ನೋಡು, ಕರ್ಸರ್ ಮಾಯವಾಗುವುದನ್ನು ಕಣ್ಣಾರೆ ಕಂಡರೆ ಟ್ರ್ಯಾಕ್ ಮೇಲೆ ಸಿಟ್ಟು ಬರುವುದಿಲ್ಲ.

ಕೆಲಸದ ಕ್ರಮದ ಬಗ್ಗೆ ಎರಡೇ ಮಾತು. 15ರಿಂದ 20ಕ್ಕೆ ಒಂದೇ ನೆಗೆತ ಬೇಡ, ಒಂದೊಂದೇ ಮೆಟ್ಟಿಲು ಹತ್ತು. ಪ್ರತಿ ಮೆಟ್ಟಿಲಿಗೂ ಅದಕ್ಕೆ ಒಪ್ಪುವ ನೋಡ್ ಮತ್ತು ಟೈಪ್‌ಸ್ಕ್ರಿಪ್ಟ್ ಇರಬೇಕು, 20ಕ್ಕೆ ನೋಡ್ 18 ಸಾಲದು. ಎನ್‌ಜಿ ಅಪ್‌ಡೇಟ್ ಕೊಟ್ಟ ಮೇಲೆ ಅದು ಯಾವ ಫೈಲಿನಲ್ಲಿ ಏನು ತಿದ್ದಿದೆ ಅಂತ ಗಿಟ್‌ನಲ್ಲಿ ಸಾಲು ಸಾಲಾಗಿ ಓದಿ ಆಮೇಲೆ ಕಮಿಟ್ ಮಾಡು. 19ಕ್ಕೆ ಏರಿದಾಗ ನಿನ್ನ ಹಳೆಯ ಕಂಪೋನೆಂಟುಗಳಿಗೆಲ್ಲ ಸ್ಟ್ಯಾಂಡ್‌ಅಲೋನ್ ಫಾಲ್ಸ್ ಅಂತ ಅದೇ ಬರೆದುಬಿಡುತ್ತದೆ. ಯಾಕೆ ಬರೆಯಿತು ಅಂತ ಒಂದು ನಿಮಿಷ ಯೋಚಿಸಿದರೆ ರೂಢಿ ತಿರುಗುಮುರುಗಾದದ್ದು ಗೊತ್ತಾಗುತ್ತದೆ. ಎಐಗೆ ಕೋಡ್ ಕೊಟ್ಟು ಬದಲಿಸಿಕೊಳ್ಳುವುದಕ್ಕೂ ಮೊದಲು, ಉತ್ತರ ಹೀಗಿರಬಹುದು ಅಂತ ನೀನೇ ನಾಲ್ಕು ಸಾಲು ಬರೆದಿಡು. ಅದು ಕೊಟ್ಟದ್ದರ ಪಕ್ಕ ಇಟ್ಟು ನೋಡು. ತಪ್ಪಿದ ಜಾಗದಲ್ಲಿ ಕಲಿಯುವುದು ಸಿಗುತ್ತದೆ.

ಹೊಸದಕ್ಕೆ ಹೆದರಿದವಳು ನೀನೊಬ್ಬಳೇ ಅಲ್ಲ. ಈ ಊರು ನೇಕಾರರ ಊರು ಕಣಮ್ಮ, ಒಂದು ಕಾಲಕ್ಕೆ ಇಲ್ಲಿ ನವಿರಾದ ಮಸ್ಲಿನ್ ನೇಯುತ್ತಿದ್ದರು. ನಿನ್ನ ತಾತ ಕೈಮಗ್ಗ ಬಿಟ್ಟು ಪವರ್‌ಲೂಮಿಗೆ ಹೋದಾಗ ನನಗೆ ಒಂಬತ್ತು ವರ್ಷ. ಮೊದಲ ವಾರ ಅಪ್ಪ ಆ ಸದ್ದಿಗೇ ಬೆದರಿದ್ದರು. ಲಾಳಿಯನ್ನು ಮೋಟಾರೇ ಹೊಡೆಯುತ್ತಿತ್ತು, ಕೈಗೆ ಕೆಲಸವೇ ಇಲ್ಲ ಅನ್ನಿಸಿತ್ತಂತೆ. ಹಾಸಿನ ಎಳೆ ಕಡಿದಾಗ ಮಾತ್ರ ಮಗ್ಗ ನಿಲ್ಲಿಸಿ, ಕಣ್ಣು ಕಿರಿದು ಮಾಡಿ, ಹಳೆಯ ಬೆರಳುಗಳಲ್ಲೇ ಗಂಟು ಹಾಕಿದರು. ಎರಡನೇ ವಾರದಿಂದ ಪಕ್ಕದ ಮನೆಯವರು ಎಳೆ ಕಡಿದರೆ ಅಪ್ಪನನ್ನೇ ಕರೆಯುತ್ತಿದ್ದರು.

ನೀನು ಹತ್ತನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು. ಡಾಕ್ಯುಮೆಂಟೇಶನ್ ಇಂಗ್ಲಿಷಿನಲ್ಲೇ ಓದು, ಬೇರೆ ದಾರಿಯಿಲ್ಲ. ಓದಿದ್ದನ್ನು ಮಾತ್ರ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆ. ಸಿಗ್ನಲ್, ಕಂಪೋನೆಂಟ್ ಅಂತಲೇ ಇರಲಿ, ಪದಗಳಿಗೆ ತಡಕಾಡಬೇಡ, ವಾಕ್ಯ ನಿನ್ನದಾಗಿರಲಿ. ಅಕ್ಕನಿಗೆ ಹೇಳಲು ಹೊರಟು ಎಲ್ಲಿ ತಡವರಿಸುತ್ತೀಯೋ ಅಲ್ಲಿ ನಿನಗೇ ಪೂರ್ತಿ ಅರ್ಥವಾಗಿರುವುದಿಲ್ಲ. ಟ್ಯಾಂಕರಿನ ಉದಾಹರಣೆ ನನಗೆ ಸಿಕ್ಕಿದ್ದೂ ಹಾಗೇ, ನಿನ್ನ ಅತ್ತೆಗೆ ಹೇಳುತ್ತಾ ಹೇಳುತ್ತಾ.

ಈ ಭಾನುವಾರ ಮತ್ತೆ ಬಾ. 16ಕ್ಕೆ ಏರಿಸಿದಾಗ ಬಂದ ನಲವತ್ತೇಳು ಎರರ್‌ಗಳನ್ನು ಅಳಿಸಿ ಮೊದಲಿನಿಂದ ಶುರು ಮಾಡುತ್ತೇನೆ ಅಂದಿದ್ದೆಯಲ್ಲ, ಅಳಿಸಬೇಡ, ಹಾಗೇ ತಾ. ಮೊದಲನೆಯದನ್ನು ಇಬ್ಬರೂ ಕೂತು ಓದೋಣ. ಅತ್ತೆ ಮುದ್ದೆ, ಅವರೆಕಾಳು ಸಾರು ಮಾಡುತ್ತಾಳಂತೆ, ಈ ಸಲ ಊಟ ಬಿಡುವಂತಿಲ್ಲ.

ನಿನ್ನ ಮಾವ