ಬೆಳ್ಳಿತೆರೆಯ ನ್ಯಾಯ ಮತ್ತು ನಮ್ಮ ಮೊಹಲ್ಲಾದ ನ್ಯಾಯ

ಕಾಕನಕೋಟೆ ಎಂದೊಡನೆ ಹುಣಸೂರು, ಎಚ್.ಡಿ. ಕೋಟೆ ಕಡೆಯವರಿಗೆ ಕಾಡು, ಆನೆ, ಖೆಡ್ಡಾ ನೆನಪಾಗುತ್ತವೆ. ಮಾಸ್ತಿಯವರ ನಾಟಕವನ್ನು ಆಧರಿಸಿ ಸಿ.ಆರ್. ಸಿಂಹ ಅವರು 1977ರಲ್ಲಿ ಅದೇ ಹೆಸರಿನ ಚಿತ್ರ ಮಾಡಿದರು. ಅದು ಅರಸರ ಕಾಲದ ಕಾಡುಕುರುಬರ ಕಥೆ. ಅಲ್ಲಿ ನ್ಯಾಯವೆಂದರೆ ದೊರೆಯ ಮಾತು. ಆದರೆ ಕೋರ್ಟು ಕಚೇರಿಗಳಿರುವ ನಮ್ಮ ಕಾಲದ ಕಥೆಗಳಲ್ಲೂ ಚಿತ್ರರಂಗ ಅಂಥದೇ ಒಬ್ಬ ದೊರೆಯನ್ನು ಹುಡುಕುತ್ತಿರುತ್ತದೆ. ಅವನ ಹೆಸರು ನಾಯಕ.

ಸಿನಿಮಾದ ನ್ಯಾಯಾಧೀಶರು ಸುತ್ತಿಗೆ ಬಡಿದು 'ಆರ್ಡರ್, ಆರ್ಡರ್' ಎನ್ನುತ್ತಾರೆ. ನಮ್ಮ ಕೋರ್ಟುಗಳಲ್ಲಿ ಸುತ್ತಿಗೆಯೇ ಇಲ್ಲ. ಸಾಕ್ಷಿದಾರ ಧರ್ಮಗ್ರಂಥ ಮುಟ್ಟುತ್ತಾನೆ. 1969ರ ಪ್ರಮಾಣ ಕಾಯ್ದೆಯಂತೆ ದೇವರ ಹೆಸರಿನಲ್ಲಿ ಬಾಯಿಮಾತಿನ ಪ್ರಮಾಣ ಸಾಕು. ಇವೆಲ್ಲ ನಕ್ಕು ಮರೆಯಬಹುದಾದ ತಪ್ಪುಗಳು.

ಮರೆಯಲಾಗದ್ದು ಬೇರೊಂದಿದೆ. ಕೊಂದವನು ಯಾರೆಂದು ಚಿತ್ರ ನಮಗೆ ಮೊದಲೇ ತೋರಿಸಿಬಿಡುತ್ತದೆ. ನಾವು ಕಣ್ಣಾರೆ ಕಂಡವರು; ಪೀಠದ ಮೇಲೆ ಕುಳಿತವರು ಕಂಡಿಲ್ಲ. ಅವರು ಪುರಾವೆ ಕೇಳಿದರೆ ನಮಗೆ ಸಿಟ್ಟು ಬರುತ್ತದೆ. ನಾಯಕ ಮಚ್ಚು ಹಿಡಿದಾಗ ಚಪ್ಪಾಳೆ ತಟ್ಟುತ್ತೇವೆ. ಮನೆಗೆ ಬಂದ ಮೇಲೂ ಆ ಅಭ್ಯಾಸ ಬಿಡುವುದಿಲ್ಲ. ಚಹಾದಂಗಡಿಯಲ್ಲಿ ಒಂದು ಸುದ್ದಿ ಕೇಳಿದರೆ ಸಾಕು, ಯಾರದೋ ಮಗ ಕಳ್ಳನಾಗುತ್ತಾನೆ, ಯಾರದೋ ಮಗಳು ಕೆಟ್ಟವಳಾಗುತ್ತಾಳೆ. ಇಲ್ಲಿ ನಾವು ಏನನ್ನೂ ಕಂಡಿರುವುದಿಲ್ಲ.

ಪ್ರವಾದಿವರ್ಯರು(ಸ) ತಮ್ಮ ಬಳಿಗೆ ತಗಾದೆ ತಂದವರಿಗೆ ಏನು ಹೇಳಿದರು? ನಾನೂ ಮನುಷ್ಯನೇ, ನಿಮ್ಮಲ್ಲೊಬ್ಬನು ಮಾತಿನಲ್ಲಿ ಚತುರನಾಗಿರಬಹುದು, ನಾನು ಕೇಳಿದುದರ ಮೇಲೆ ತೀರ್ಪು ಕೊಡುತ್ತೇನೆ, ಇನ್ನೊಬ್ಬನ ಹಕ್ಕು ತಪ್ಪಾಗಿ ಕೈಸೇರಿದರೆ ಅದು ಬೆಂಕಿಯ ತುಂಡೆಂದು ತಿಳಿಯಿರಿ ಎಂಬರ್ಥದಲ್ಲಿ ಎಚ್ಚರಿಸಿದರು. ದಿವ್ಯವಾಣಿ ಪಡೆದವರೇ ಪುರಾವೆಗೆ ಕಾದರು. ಹ. ಅಲಿ(ರ)ಯವರನ್ನು ಯಮನ್‌ಗೆ ಕಳಿಸುವಾಗ, ಎರಡನೆಯವನ ಮಾತನ್ನೂ ಕೇಳದೆ ತೀರ್ಪು ನೀಡಬೇಡ ಎಂದು ತಾಕೀತು ಮಾಡಿದರು.

ಹಾಗೆಂದು ಚಿತ್ರಗಳೆಲ್ಲ ಸುಳ್ಳು ಹೇಳುತ್ತವೆ ಎನ್ನಲಾರೆ. ತೇಜಸ್ವಿಯವರ ಕಥೆಯಿಂದ ಗಿರೀಶ್ ಕಾಸರವಳ್ಳಿ ಮಾಡಿದ 'ತಬರನ ಕಥೆ'ಯಲ್ಲಿ ಪಿಂಚಣಿಗಾಗಿ ಅಲೆಯುವ ಮುದುಕನನ್ನು ಯಾವ ಖಳನಾಯಕನೂ ಹೊಡೆಯುವುದಿಲ್ಲ, ಕಡತವೇ ಹೊಡೆಯುತ್ತದೆ. ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆಯಿಂದ ಅವರೇ ಮಾಡಿದ 'ಹಸೀನಾ' (2004) ನಮಗೆ ಇನ್ನೂ ಹತ್ತಿರದ್ದು. ಗಂಡ ಕೈಬಿಟ್ಟ ಹೆಂಗಸು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಜಮಾಅತಿನ ಮುಂದೆ ನ್ಯಾಯ ಕೇಳುತ್ತಾಳೆ. ತಾರಾ ಅವರಿಗೆ ಈ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ನಮ್ಮವರನ್ನು ಹೀಗೆ ತೋರಿಸಬಹುದೇ ಎಂದು ಕೆಲವರಿಗೆ ನೋವಾಗಬಹುದು. ನನ್ನ ಪ್ರಶ್ನೆ ಬೇರೆ: ಅಂಥವಳು ನಮ್ಮ ಮಸೀದಿಯ ಬಾಗಿಲಿಗೆ ಬಂದರೆ ಮುತವಲ್ಲಿ ಸಾಹೇಬರು ಅವಳನ್ನು ಎಷ್ಟು ಶುಕ್ರವಾರ ಕಾಯಿಸುತ್ತಾರೆ?

ಹ. ಖೌಲಾ ಬಿಂತ್ ಸಅಲಬಾ(ರ) ಗಂಡನ ಮೇಲಿನ ದೂರು ಹಿಡಿದು ಪ್ರವಾದಿವರ್ಯರಲ್ಲಿ(ಸ) ವಾದಿಸಿದರು. ಅಲ್ಲಾಹನು ಆ ವಾದವನ್ನು ಆಲಿಸಿದನೆಂದೇ ಕುರ್‌ಆನಿನ 58ನೇ ಅಧ್ಯಾಯ ಆರಂಭವಾಗುತ್ತದೆ. ಆ ಅಧ್ಯಾಯದ ಹೆಸರೂ ಅವರಿಂದಲೇ ಬಂದುದು, ಅಲ್ ಮುಜಾದಲಃ. ಹೆಂಗಸು ಜಮಾಅತಿನ ಮುಂದೆ ದನಿ ಎತ್ತಬಾರದೆನ್ನುವವರು ಈ ಅಧ್ಯಾಯವನ್ನು ಹೇಗೆ ಓದುತ್ತಾರೋ ತಿಳಿಯದು.

ಜಮಾಅತಿನಲ್ಲಿ ಬಗೆಹರಿಯದಿದ್ದರೆ ಕೋರ್ಟಿದೆ, ಅದಕ್ಕೆ ನಾಯಕನ ಅಗತ್ಯವಿಲ್ಲ. ತಲಾಖ್ ಆದವಳೂ ಸಾಮಾನ್ಯ ಕಾನೂನಿನಡಿ ಜೀವನಾಂಶ ಕೋರಬಹುದೆಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 1987ರ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬೇಕು. ಹೋಗುವಾಗ ನಿಕಾಹ್‌ನಾಮೆಯ ನಕಲು, ಮಕ್ಕಳ ಜನನ ಪತ್ರ, ಗಂಡನ ದುಡಿಮೆಯ ವಿವರ ಜೊತೆಗಿರಲಿ. ಓದುಬರಹ ಬಾರದ ತಂಗಿಯಾದರೆ ಅರ್ಜಿ ಬರೆದುಕೊಡುವ ಕೆಲಸವನ್ನು ಮದ್ರಸಾದ ಉಸ್ತಾದರೇ ಮಾಡಬಹುದು.