ವೃತ್ತಿ ಮಾರ್ಗದರ್ಶನದ ಜಾಲತಾಣ: ಒಂದು ವಿವೇಚನೆ

ವೃತ್ತಿಯನ್ನು ಅರಸುವ ತರುಣರಿಗೂ ಅದರಲ್ಲಿ ನುರಿತ ಹಿರಿಯರಿಗೂ ಸಂಬಂಧ ಕಲ್ಪಿಸುವ ಜಾಲತಾಣ ಹಾಗೂ ಆ್ಯಪ್‌ಗಳ ರಚನೆಯಲ್ಲಿ ಹೆಸರುಗಳ ಪಟ್ಟಿ ಸಿದ್ಧಪಡಿಸುವುದು ಸುಲಭ, ಹಂಚಿಕೆಯೇ ಕಠಿಣ. ಪಟ್ಟಿಯನ್ನು ಮಾತ್ರ ತೆರೆದಿಟ್ಟರೆ ಪ್ರಸಿದ್ಧರಾದ ನಾಲ್ವರ ಬಾಗಿಲಲ್ಲಿ ಎಲ್ಲರೂ ನೆರೆಯುತ್ತಾರೆ. ಉಳಿದ ಹಿರಿಯರನ್ನು ಕೇಳುವವರಿಲ್ಲ. ಉತ್ತರ ಬಾರದ ವಿದ್ಯಾರ್ಥಿ, ಅದರಲ್ಲಿಯೂ ತನ್ನ ಮನೆತನದಲ್ಲಿ ಮೊದಲಿಗನಾಗಿ ಓದಿದವನು, ತನ್ನ ಪ್ರಶ್ನೆಯೇ ಅಯೋಗ್ಯವೆಂದು ಬಗೆದು ಸುಮ್ಮನಾಗುತ್ತಾನೆ. ನಷ್ಟವೆಂದರೆ ಇದೇ.

ಕಾಲೇಜು ಪ್ರವೇಶದ ಇಂಥದೇ ತೊಡಕಿಗೆ ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ ಎಂಬ ಗಣಿತಜ್ಞರು 1962ರಲ್ಲಿ ಒಂದು ಕ್ರಮವನ್ನು ನಿರೂಪಿಸಿದರು. ಅದನ್ನು ಇಲ್ಲಿ ಅನ್ವಯಿಸಬಹುದು. ಪ್ರತಿಯೊಬ್ಬ ಹಿರಿಯರೂ ತಾವು ಎಷ್ಟು ಮಂದಿಗೆ ಸಮಯ ಕೊಡಬಲ್ಲೆವೆಂಬುದನ್ನು, ಮೂವರಿಗೆ ಎಂದು ಭಾವಿಸೋಣ, ಮೊದಲೇ ತಿಳಿಸುತ್ತಾರೆ. ವಿದ್ಯಾರ್ಥಿ ತನ್ನ ಮೊದಲ ಆಯ್ಕೆಯ ಹಿರಿಯರಲ್ಲಿ ಅರಿಕೆ ಮಾಡಿಕೊಳ್ಳುತ್ತಾನೆ. ಅವರು ತಮಗೆ ಒಪ್ಪುವ ಮೂವರನ್ನು ತಾತ್ಕಾಲಿಕವಾಗಿ ಇರಿಸಿಕೊಳ್ಳುತ್ತಾರೆ. ಉಳಿದವರು ಎರಡನೆಯ ಆಯ್ಕೆಗೆ ತೆರಳುತ್ತಾರೆ. ಹೆಚ್ಚು ಒಪ್ಪುವವನೊಬ್ಬ ಆಮೇಲೆ ಬಂದರೆ ಮೊದಲಿನವನೊಬ್ಬ ಸ್ಥಳ ಬಿಡಬೇಕಾದೀತು. ಕೇಳಬೇಕಾದವರು ಯಾರೂ ಉಳಿಯದಾಗ ಹಂಚಿಕೆ ಸ್ಥಿರಗೊಳ್ಳುತ್ತದೆ. ಈ ಕ್ರಮವು ಅರಿಕೆ ಮಾಡುವ ಪಕ್ಷಕ್ಕೇ ಅನುಕೂಲವೆಂಬುದು ಸಿದ್ಧವಾಗಿದೆ; ಆದ್ದರಿಂದ ಆ ಅಧಿಕಾರ ವಿದ್ಯಾರ್ಥಿಯ ಕೈಯಲ್ಲಿರುವುದೇ ಲೇಸು.

ಆದರೆ ಯಾರು ಯಾರಿಗೆ ಒಪ್ಪುವರೆಂಬುದನ್ನು ಗಣಿತ ಹೇಳದು. ಅರ್ಜಿಯಲ್ಲಿ ಅಂಕಗಳಷ್ಟೇ ಇದ್ದರೆ ಹಿರಿಯರು ಅಂಕಗಳನ್ನೇ ಆರಿಸುತ್ತಾರೆ. ವಿದ್ಯಾರ್ಥಿ ತನ್ನ ಪ್ರಶ್ನೆಯನ್ನು ಕನ್ನಡದಲ್ಲಿಯೇ ನಾಲ್ಕು ಸಾಲು ಬರೆಯಲು ಅಲ್ಲಿ ಸ್ಥಳವಿರಬೇಕು.