ಹೊಲದಲ್ಲಿ ಗಾಯ, ತಲೆಸುತ್ತು: ಮನೆಮದ್ದು ಎಲ್ಲಿಯವರೆಗೆ?

ಶಿಗ್ಗಾಂವಿ ತಾಲ್ಲೂಕಿನ ಹುಲಗೂರು ಸುತ್ತಮುತ್ತ ಗೋವಿನಜೋಳ, ಹತ್ತಿ, ಶೇಂಗಾ ಬೆಳೆಯುವ ಒಕ್ಕಲು ಮನೆಗಳಲ್ಲಿ ಕುಡಗೋಲು ತಾಗುವುದು, ಮುಳ್ಳು ಚುಚ್ಚುವುದು, ಔಷಧಿ ಸಿಂಪಡಿಸಿದವರಿಗೆ ತಲೆ ಸುತ್ತುವುದು ಹೊಸದಲ್ಲ. ಇವುಗಳಲ್ಲಿ ಬಹಳಷ್ಟಕ್ಕೆ ಮನೆಯ ಆರೈಕೆ ಸಾಕು. ಆದರೆ ಕೆಲವು ನೋಡಲು ಸಣ್ಣವಾಗಿದ್ದರೂ ಜೀವಕ್ಕೆ ಅಪಾಯ ತರುತ್ತವೆ. ಈ ವ್ಯತ್ಯಾಸವನ್ನು ರೈತ ಬಾಂಧವರು ಅರಿತಿರುವುದು ಅವಶ್ಯ.

ಕೊಯ್ದ ಮತ್ತು ಚುಚ್ಚಿದ ಗಾಯ

1. ಶುಭ್ರವಾದ ಬಟ್ಟೆಯಿಂದ ಗಾಯವನ್ನು 10 ನಿಮಿಷ ಒತ್ತಿ ಹಿಡಿಯಿರಿ. ನಡುವೆ ತೆಗೆದು ನೋಡಬೇಡಿ.
2. ರಕ್ತ ನಿಂತ ಮೇಲೆ ಶುದ್ಧ ನೀರು ಸುರಿದು ಮಣ್ಣು ಹೋಗುವಂತೆ ತೊಳೆಯಿರಿ. ಸುತ್ತಲಿನ ಚರ್ಮಕ್ಕೆ ಸಾಬೂನು ಹಚ್ಚಿ ತೊಳೆಯಿರಿ.
3. ಶುಭ್ರ ಬಟ್ಟೆ ಕಟ್ಟಿ, ದಿನಕ್ಕೊಮ್ಮೆ ಬದಲಿಸಿರಿ.

ಸುಣ್ಣ, ಸೀಮೆಎಣ್ಣೆ, ತಂಬಾಕು, ಸೆಗಣಿ, ಮಣ್ಣು ಯಾವುದನ್ನೂ ಹಚ್ಚಬಾರದು. ಧನುರ್ವಾಯು ರೋಗಾಣುಗಳು ಮಣ್ಣು ಮತ್ತು ಸೆಗಣಿಯಲ್ಲಿಯೇ ಇರುತ್ತವೆ. ಗಾಳಿಯಾಡದ ಆಳವಾದ ಗಾಯದಲ್ಲಿ ಅವು ಬೆಳೆಯುತ್ತವೆ. ಆದುದರಿಂದ ರಕ್ತವೇ ಬಾರದಂತೆ ಮೊಳೆ ಚುಚ್ಚಿದ ಗಾಯವನ್ನೂ ಕಡೆಗಣಿಸಬಾರದು.

ಇಂಥ ಗಾಯವಾದಾಗ ಹಿಂದಿನ ಚುಚ್ಚುಮದ್ದು ಹಾಕಿಸಿ 5 ವರ್ಷ ಮೀರಿದ್ದರೆ ತಡಮಾಡದೆ ಟಿ.ಡಿ. ಚುಚ್ಚುಮದ್ದು ಹಾಕಿಸಬೇಕು. ಎಂದೂ ಹಾಕಿಸಿಕೊಳ್ಳದವರು ಅದನ್ನು ವೈದ್ಯರಿಗೆ ತಿಳಿಸಬೇಕು. ಅವರಿಗೆ ಒಂದೇ ಚುಚ್ಚುಮದ್ದು ಸಾಲದು. ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಬೆರಳು ಮಡಿಸಲು ಬಾರದಿದ್ದರೆ, ಗಾಯ ಕೀವಾದರೆ, ದವಡೆ ಬಿಗಿದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ದವಡೆ ಬಿಗಿತ ಸಾಮಾನ್ಯವಾಗಿ ಗಾಯವಾದ 3 ರಿಂದ 21 ದಿನಗಳಲ್ಲಿ ಕಾಣುವುದರಿಂದ, ಗಾಯ ಮಾಯಿತೆಂದು ಮರೆಯಬಾರದು.

ಬಿಸಿಲೋ, ವಿಷವೋ?

ಬಿಸಿಲಿನಲ್ಲಿ ದುಡಿದವರಿಗೆ ಬೆವರು, ತಲೆನೋವು, ಸುಸ್ತು, ಮೀನಖಂಡದ ಸೆಳೆತ ಬರುತ್ತವೆ. ನೆರಳಿನಲ್ಲಿ ಮಲಗಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ, ಓ.ಆರ್.ಎಸ್. ನೀರು ಅಥವಾ ಉಪ್ಪು ಹಾಕಿದ ಮಜ್ಜಿಗೆಯನ್ನು ಸ್ವಲ್ಪಸ್ವಲ್ಪವಾಗಿ ಕುಡಿಸಿರಿ. ಅರ್ಧ ಗಂಟೆಯಲ್ಲಿ ಚೇತರಿಕೆ ಕಾಣದಿದ್ದರೆ ವೈದ್ಯರಿಗೆ ತೋರಿಸಿರಿ. ಮೈ ಕೆಂಡದಂತೆ ಸುಡುತ್ತಿದ್ದು ಮಾತು ತೊದಲಿದರೆ, ಮೈಮೇಲೆ ನೀರು ಸುರಿಯುತ್ತಲೇ ಆಸ್ಪತ್ರೆಗೆ ಸಾಗಿಸಬೇಕು.

ಔಷಧಿ ಸಿಂಪಡಿಸಿದವರಲ್ಲಿಯೂ ಬೆವರು, ತಲೆಸುತ್ತು ಕಾಣುತ್ತವೆ. 'ಬಿಸಿಲು ಬಡಿದಿದೆ' ಎಂದು ಮನೆಯಲ್ಲಿ ಮಲಗಿಸುವುದು ಇಲ್ಲಿಯೇ ಅಪಾಯ. ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್ ಗುಂಪಿನ ಕೀಟನಾಶಕಗಳ ವಿಷವೇರಿದಾಗ ಕಣ್ಣಿನ ಪಾಪೆ ಸಾಸಿವೆಯಷ್ಟು ಸಣ್ಣದಾಗುವುದು, ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ವಾಂತಿ, ಹೊಟ್ಟೆನುಲಿತ, ಮಾಂಸಖಂಡ ಅದುರುವುದು, ಉಸಿರುಕಟ್ಟುವುದು ಮುಖ್ಯ ಲಕ್ಷಣಗಳು. ಎಲ್ಲ ಲಕ್ಷಣಗಳೂ ಒಟ್ಟಿಗೆ ಬರಲೆಂದು ಕಾಯಬಾರದು. ಸಿಂಪಡಿಸಿದ ದಿನ ಇವುಗಳಲ್ಲಿ ಒಂದೆರಡು ಕಂಡರೂ ವಿಷವೆಂದೇ ತಿಳಿಯಿರಿ.

1. ರೋಗಿಯನ್ನು ಹೊಲದಿಂದ ಗಾಳಿಯಾಡುವ ಸ್ಥಳಕ್ಕೆ ಒಯ್ದು, 108ಕ್ಕೆ ಕರೆ ಮಾಡಿರಿ.
2. ಬಟ್ಟೆ ಕಳಚಿ, ಸಾಬೂನು ನೀರಿನಿಂದ ಮೈ, ಕೂದಲು ತೊಳೆಯಿರಿ. ಕಣ್ಣಿಗೆ ಬಿದ್ದಿದ್ದರೆ ಬರಿಯ ನೀರಿನಿಂದ 15 ನಿಮಿಷ ತೊಳೆಯಿರಿ. ತೊಳೆಯುವವರು ಕೈಗವಸು ಹಾಕಿಕೊಳ್ಳಬೇಕು.
3. ವಾಂತಿ ಮಾಡಿಸಬೇಡಿ, ಹಾಲು, ಹುಣಸೆನೀರು ಕುಡಿಸಬೇಡಿ.
4. ಪ್ರಜ್ಞೆ ತಪ್ಪಿದ್ದು ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿರಿ.
5. ಔಷಧಿಯ ಡಬ್ಬಿ ಅಥವಾ ಅದರ ಚೀಟಿಯನ್ನು ಆಸ್ಪತ್ರೆಗೆ ಒಯ್ಯಿರಿ. ಯಾವ ವಿಷವೆಂದು ತಿಳಿದರೆ ವೈದ್ಯರಿಗೆ ಚಿಕಿತ್ಸೆ ಸುಲಭ.

ಹಾವು ಅಥವಾ ನಾಯಿ ಕಚ್ಚಿದ್ದಕ್ಕೆ ಮನೆಮದ್ದು ಇಲ್ಲವೇ ಇಲ್ಲ. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಸಾಬೂನು, ಒಗೆದು ಒಣಗಿಸಿದ ಬಟ್ಟೆ, ನಾಲ್ಕು ಓ.ಆರ್.ಎಸ್. ಪೊಟ್ಟಣ, ಇವಿಷ್ಟನ್ನು ಒಂದು ಡಬ್ಬಿಯಲ್ಲಿಟ್ಟು, ಮನೆಮಂದಿ ಚುಚ್ಚುಮದ್ದು ಹಾಕಿಸಿಕೊಂಡ ದಿನಾಂಕವನ್ನು ಅದರ ಮುಚ್ಚಳದ ಮೇಲೆ ಬರೆದಿಡಿರಿ. ಬಿತ್ತನೆಗೆ ಮೊದಲು ಬೀಜ, ಗೊಬ್ಬರ ಹೊಂದಿಸುವಾಗಲೇ ಇದನ್ನೂ ಹೊಂದಿಸಿಕೊಳ್ಳುವುದು ಒಳ್ಳೆಯದು.